ಅಮ್ಮಿ ಮುಟ್ಟದ ಬ್ರೆಡ್ಡು

ಬ್ರೆಡ್ ಪಾಕೀಟನ್ನು ಸೆರಗಿನಡಿ ಮುಚ್ಚಿಕೊಂಡು ಸ್ವಂತ ಮನೆಯೊಳಗೆ ಕಳ್ಳಿಯಂತೆ ಹೊಕ್ಕವಳು ಬೈಲಹೊಂಗಲದಲ್ಲಿ ನಾನೊಬ್ಬಳೇ ಇರಬೇಕು. ಅದೂ ನಲವತ್ತೇಳರ ವಯಸ್ಸಿನಲ್ಲಿ. ನಡುಮನೆಯ ಮಂಚದಲ್ಲಿ ಅಮ್ಮಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಪ್ಲಾಸ್ಟಿಕ್ಕಿನ ಸಪ್ಪಳವಾಗದ ಹಾಗೆ ಪಾಕೀಟನ್ನು ಎದೆಗೆ ಅವುಚಿಕೊಂಡು ಅಡುಗೆಮನೆ ಸೇರಿದೆ. ಒಲೆಯ ಮುಂದೆ ನಿಂತಿದ್ದ ಮಗಳು ನನ್ನ ಅವಸ್ಥೆ ನೋಡಿ ನಕ್ಕಳು. ಅವಳಿಗೆ ಕಾರಣ ಗೊತ್ತಿರಲಿಲ್ಲ. ನಾನು ಹೇಳಿಯೂ ಇರಲಿಲ್ಲ.

2024ರ ಡಿಸೆಂಬರ್ ಅದು. ಮಗಳು ಬೆಂಗಳೂರಿನ ಕಾಲೇಜಿನಿಂದ ರಜೆಗೆ ಬಂದಿದ್ದಳು. ಬಂದ ಮರುದಿನವೇ, ‘ಮಮ್ಮೀ, ನಾನಿಗೆ ಗೂರ್ಮೆ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ಮಾಡಿ ತಿನಿಸ್ತೀನಿ, ಹಣ್ಣು ಹಾಕಿ’ ಎಂದು ಸಾರಿದಳು. ಮಂಚದ ಮೇಲಿಂದ ಅಮ್ಮಿಯ ದನಿ ಬಂತು: ‘ಗುರ್ದಾ ಹಾಕ್ತಾಳಂತ? ಹಣ್ಣಿನ ಜೋಡಿ ಗುರ್ದಾ ಯಾರ ತಿಂತಾರ?’ ಗುರ್ದಾ ಅಂದರೆ ಕುರಿಯ ಮೂತ್ರಪಿಂಡ. ಗೂರ್ಮೆ ಎಂಬ ಫ್ರೆಂಚ್ ಮಾತು ಅಮ್ಮಿಯ ಕಿವಿಗೆ ಗುರ್ದಾ ಆಗಿ ಬಿದ್ದಿತ್ತು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಲೇ ನನ್ನ ಕಣ್ಣು ತುಂಬಿದವು. ಯಾಕೆಂದರೆ ಹದಿನೈದು ದಿನಗಳಲ್ಲಿ ಅಮ್ಮಿ ಯಾರೂ ಕೇಳದೆ ತಾನಾಗಿ ಆಡಿದ ಮೊದಲ ಮಾತು ಅದು. (ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಇಲ್ಲಿ ಓದುವವರಿಗೆಂದು ನಮ್ಮ ಕಡೆಯ ಕನ್ನಡಕ್ಕೆ ಹಾಕಿ ಬರೆಯುತ್ತಿದ್ದೇನೆ.)

ಸವದತ್ತಿಯ ಮನೆಯ ಬಚ್ಚಲಲ್ಲಿ ಜಾರಿಬಿದ್ದು ಅಮ್ಮಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಅಬ್ಬಾ ತೀರಿಕೊಂಡು ವರ್ಷಗಳಾಗಿವೆ, ಅಣ್ಣ ಗೋವಾದಲ್ಲಿ ದುಡಿಯುತ್ತಾನೆ. ನಮ್ಮ ಮನೆಯವರೇ ಮುಂದಾಗಿ, ‘ಇಲ್ಲೇ ಕರಕೊಂಡು ಬರೋಣ’ ಅಂದರು. ಮೂಳೆಯೇನೋ ಕೂಡುತ್ತಿತ್ತು. ಆದರೆ ಅಮ್ಮಿ ಉಣ್ಣುವುದನ್ನು ಬಿಟ್ಟುಬಿಟ್ಟಳು. ಹಾಲು ಬೇಡ, ತತ್ತಿ ಬೇಡ, ಕೋಳಿಯ ಸೂಪು ಮೂಗಿನ ಹತ್ತಿರ ತಂದರೆ ಸಾಕು ‘ನಕ್ಕೋ’. ಡಾಕ್ಟರು ನೇರವಾಗಿಯೇ ಹೇಳಿದ್ದರು: ‘ಹೊಟ್ಟೆಗೆ ಪ್ರೋಟೀನ್ ಬೀಳದಿದ್ದರೆ ಮಾಂಸಖಂಡಗಳು ಕರಗುತ್ತವೆ. ಎಬ್ಬಿಸಿ ನಿಲ್ಲಿಸೋದು ಕಷ್ಟ. ಈ ವಯಸ್ಸಿನಲ್ಲಿ ಹಾಸಿಗೆ ಹಿಡಿದರೆ ಮುಂದಿನದು ನಿಮಗೆ ಗೊತ್ತಲ್ಲ.’ ಗೊತ್ತಿತ್ತು. ಅದಕ್ಕೇ ಮಗಳು ಚೀಸ್ ಅಂದಾಗ ನಾನು ಬೇಡ ಅನ್ನಲಿಲ್ಲ. ಹತ್ತು ಲೀಟರ್ ಹಾಲಿನ ಸತ್ವವನ್ನು ಹಿಂಡಿ ಹಿಂಡಿ ಸುಮಾರು ಒಂದು ಕಿಲೋ ಮಾಡಿದರೆ ಅದು ಚೀಸು. ಹಾಲು ಒಲ್ಲೆ ಎನ್ನುವವಳ ಹೊಟ್ಟೆಗೆ ಹಾಲನ್ನು ಸೇರಿಸಲು ಇದಕ್ಕಿಂತ ಉಪಾಯ ಯಾವುದಿದೆ?

ತೊಡಕು ಇದ್ದದ್ದು ಬ್ರೆಡ್ಡಿನಲ್ಲಿ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ನನ್ನ ಬಾಲ್ಯದಲ್ಲಿ ಬ್ರೆಡ್ಡು ತಿನ್ನುವ ಪದಾರ್ಥ ಆಗಿರಲಿಲ್ಲ, ಔಷಧದ ಅಂಗಡಿಯ ಪಕ್ಕದ ಪದಾರ್ಥ ಆಗಿತ್ತು. ಯಾರ ಕೈಯಲ್ಲಾದರೂ ಮೇಣದ ಕಾಗದ ಸುತ್ತಿದ ಬ್ರೆಡ್ಡು ಕಂಡರೆ, ‘ಯಾಕ್ರೀ, ಮನ್ಯಾಗ ಯಾರಿಗೆ ಆರಾಮಿಲ್ಲ?’ ಅಂತ ಕೇಳುತ್ತಿದ್ದರು. ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಬ್ರೆಡ್ಡು. ಆಸ್ಪತ್ರೆಗೆ ಹೊರಟರೆ ಬ್ರೆಡ್ಡು, ಅದರ ಜೊತೆ ಅರ್ಧ ಡಜನ್ ಬಾಳೆಹಣ್ಣು ಅಥವಾ ನಾಲ್ಕು ಮೋಸಂಬಿ. ರೋಗಿಯನ್ನು ನೋಡಿಕೊಂಡು ಬರುವುದಕ್ಕೆ ನಮ್ಮಲ್ಲಿ ಇಯಾದತ್ ಅನ್ನುತ್ತಾರೆ, ಅದು ಪುಣ್ಯದ ಕೆಲಸ. ನೆರೆಯ ಲಿಂಗಾಯತರು, ಮರಾಠರು ಅದಕ್ಕೆ ‘ಮಾತಾಡಿಸಿಕೊಂಡು ಬರೋದು’ ಅನ್ನುತ್ತಾರೆ. ಹೆಸರು ಬೇರೆಯಾದರೂ ಕೈಚೀಲದೊಳಗಿನ ಸಾಮಾನು ಮಾತ್ರ ಒಂದೇ. ಆರೋಗ್ಯವಾಗಿರುವ ಮನುಷ್ಯನಿಗೆ ರೊಟ್ಟಿ, ಹಾಸಿಗೆ ಹಿಡಿದವನಿಗೆ ಬ್ರೆಡ್ಡು. ಈಗ ಊರೂರಿಗೆ ಅಯ್ಯಂಗಾರ್ ಬೇಕರಿ ಬಂದಿದೆ, ಮಕ್ಕಳು ಸಂಜೆ ಬ್ರೆಡ್ ಟೋಸ್ಟು ತಿನ್ನುತ್ತಾರೆ. ಆದರೂ ಆಸ್ಪತ್ರೆಯ ಎದುರಿನ ಅಂಗಡಿಗಳಲ್ಲಿ ಇವತ್ತಿಗೂ ಬ್ರೆಡ್ಡಿನ ರಾಶಿಯ ಪಕ್ಕದಲ್ಲೇ ಹಣ್ಣಿನ ಬುಟ್ಟಿ ಇರುತ್ತದೆ. ನೋಡಿ ಬೇಕಾದರೆ.

1987ರ ಮಳೆಗಾಲ. ನಾನು ಸವದತ್ತಿಯ ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆ. ತಮ್ಮನಿಗೆ ಐದು ವರ್ಷ. ಅವನಿಗೆ ಜ್ವರ ಬಂತು, ಇಳಿಯಲಿಲ್ಲ. ಟೈಫಾಯ್ಡ್ ಅಂದರು. ಅಬ್ಬಾ ಹೊಲಿಗೆ ಯಂತ್ರ ಬಿಟ್ಟು ಅವನನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡಿದರು. ಇಡೀ ಓಣಿ ಬಂದು ಹೋಯಿತು. ಬಂದವರೆಲ್ಲ ಬ್ರೆಡ್ಡು ತಂದರು. ಎದುರು ಮನೆಯ ಅವ್ವ ತಾನು ಸಾಲ ತಂದು ಕೊಂಡ ಬ್ರೆಡ್ಡನ್ನು ಸೆರಗಿನಿಂದ ತೆಗೆದು, ‘ತಗೋ ತಂಗಿ, ಕೂಸಿಗೆ ಹಾಲಾಗ ಹಾಕಿ ಕೊಡು’ ಅಂದದ್ದು ನನಗೆ ನೆನಪಿದೆ. ತಮ್ಮನಿಗೆ ನುಂಗಲು ಆಗುತ್ತಿರಲಿಲ್ಲ. ಅಮ್ಮಿ ಹಾಲಲ್ಲಿ ನೆನೆಸಿದ ಚೂರನ್ನು ಅವನ ತುಟಿಗೆ ಹಚ್ಚುತ್ತಿದ್ದಳು, ಅದು ಕೆನ್ನೆಯ ಮೇಲೆ ಇಳಿಯುತ್ತಿತ್ತು. ನಾನು ಆಸೆಗಣ್ಣಿಂದ ನೋಡುತ್ತಿದ್ದೆ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಸುಳ್ಳು ಬರೆಯಲಾರೆ: ನನಗೂ ಜ್ವರ ಬರಲಿ, ನನಗೂ ಬ್ರೆಡ್ಡು ಸಿಗಲಿ ಅಂತ ಅಂದುಕೊಂಡಿದ್ದೆ.

ಹನ್ನೆರಡನೇ ದಿನ ಅವನು ಹೋದ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಮೂರು ದಿನ ಬಂಧುಗಳ ಮನೆಯಿಂದ, ನೆರೆಯವರ ಮನೆಯಿಂದ ಬುತ್ತಿ ಬಂತು. ಗೂಡಿನಲ್ಲಿ ಜೋಡಿಸಿಟ್ಟಿದ್ದ ಬ್ರೆಡ್ಡುಗಳನ್ನು ಯಾರೂ ಮುಟ್ಟಲಿಲ್ಲ. ಮಳೆಗಾಲ ನೋಡಿ, ಮೇಣದ ಕಾಗದದೊಳಗೆ ಹಸಿರು ಬೂಸ್ಟು ಹಿಡಿಯಿತು. ನಾಲ್ಕನೇ ದಿನ ಅಮ್ಮಿ ಎದ್ದು, ಒಂದೊಂದಾಗಿ ಎಣಿಸಿ ಕೆಳಗಿಳಿಸಿದಳು. ಹನ್ನೊಂದು. ಒಯ್ದು ಹಿತ್ತಲಿನ ತಿಪ್ಪೆಯಲ್ಲಿ ಗುಂಡಿ ತೋಡಿ ಮುಚ್ಚಿ ಬಂದಳು. ಅನ್ನವನ್ನು ಹಾಗೆ ಎಸೆಯುವವಳಲ್ಲ ಅಮ್ಮಿ. ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನೂ ಎತ್ತಿ ಕಣ್ಣಿಗೊತ್ತಿಕೊಳ್ಳುವವಳು. ಆವತ್ತಿನಿಂದ ಬ್ರೆಡ್ಡು ನಮ್ಮ ಮನೆಗೆ ಬರಲಿಲ್ಲ. ಬೇಡ ಅಂತ ಅವಳು ಬಾಯಿಬಿಟ್ಟು ಹೇಳಿದವಳೂ ಅಲ್ಲ, ನಾವು ಕೇಳಿದವರೂ ಅಲ್ಲ.

ಈಗ, ಮೂವತ್ತೇಳು ವರ್ಷಗಳ ಮೇಲೆ, ಅಮ್ಮಿಯೇ ಮಂಚ ಹಿಡಿದಾಗ ನೋಡಲು ಬರುವವರು ಮತ್ತೆ ಅದನ್ನೇ ತರತೊಡಗಿದರು. ನಾನು ಬಾಗಿಲಲ್ಲೇ ನಿಂತು ಇಸಿದುಕೊಂಡು ಅಡುಗೆಮನೆಯ ಡಬ್ಬಿಯಲ್ಲಿ ಅಡಗಿಸುತ್ತಿದ್ದೆ. ಸಂಜೆ ಪಕ್ಕದ ಮನೆಯ ಆಡಿಗೆ ಹಬ್ಬ. ಆದರೂ ಮೊದಲ ವಾರದಲ್ಲಿ ಒಬ್ಬರು ನನ್ನ ಕಣ್ಣು ತಪ್ಪಿಸಿ ನೇರವಾಗಿ ಅಮ್ಮಿಯ ದಿಂಬಿನ ಹತ್ತಿರವೇ ಇಟ್ಟುಬಿಟ್ಟಿದ್ದರು. ಅಮ್ಮಿ ಗೋಡೆ ಕಡೆ ಮಗ್ಗುಲಾದದ್ದು ಆವತ್ತೇ. ಊಟ ಬಿಟ್ಟದ್ದಕ್ಕೂ ಅದಕ್ಕೂ ಸಂಬಂಧವಿತ್ತೋ ಇಲ್ಲವೋ, ನನ್ನ ಮನಸ್ಸು ಮಾತ್ರ ಗಂಟು ಹಾಕಿಕೊಂಡಿತು.

ಇಷ್ಟೆಲ್ಲ ಗೊತ್ತಿದ್ದೂ ಬ್ರೆಡ್ಡನ್ನು ಮನೆಯೊಳಗೆ ಯಾಕೆ ತಂದೆ? ಮಗಳ ಉತ್ಸಾಹಕ್ಕೆ ಎದುರಾಡಲು ಆಗಲಿಲ್ಲ. ನಡುವೆ ಚೀಸು, ಹಣ್ಣು ತುಂಬಿ, ಬೆಣ್ಣೆಯಲ್ಲಿ ಕೆಂಪಗೆ ಸುಟ್ಟರೆ ಅದು ಆ ಬ್ರೆಡ್ಡು ಅಂತ ಅಮ್ಮಿಗೆ ತಿಳಿಯಲಿಕ್ಕಿಲ್ಲ ಎಂಬ ಒಂದು ಪೆದ್ದು ಆಸೆಯೂ ಇತ್ತು.

ಮೊದಲ ದಿನದ ಪ್ರಯೋಗ ಕೆಟ್ಟಿತು. ಮಗಳು ಬಾಳೆಹಣ್ಣು ಹೆಚ್ಚಿ ಹಾಕಿದಳು. ಕಾದ ಕಬ್ಬಿಣದ ಹಂಚಿನ ಮೇಲೆ ಬ್ರೆಡ್ಡು ಎರಡೇ ನಿಮಿಷದಲ್ಲಿ ಕರಿದಾಯಿತು, ಒಳಗೆ ಚೀಸು ಇನ್ನೂ ಸೋಪಿನ ತುಂಡಿನಂತೆ ಗಟ್ಟಿ. ಬಾಳೆಹಣ್ಣು ಮಾತ್ರ ಕರಗಿ ಅಂಟಂಟಾಗಿ ಹರಿಯಿತು. ಬೆಂಕಿಯ ವಿಷಯದಲ್ಲಿ ಬೆಂಗಳೂರಿನ ಹುಡುಗಿಗೆ ನಾನೇ ಪಾಠ ಹೇಳಬೇಕಾಯಿತು. ರೊಟ್ಟಿಗೆ ಹಂಚು ಕೆಂಡದಂತೆ ಕಾಯಬೇಕು, ಇದಕ್ಕೆ ಹಾಗಲ್ಲ. ಹಂಚು ಹದವಾಗಿ ಬಿಸಿಯಾಗಬೇಕು, ಬೆಣ್ಣೆ ಹಾಕಿದರೆ ಸುಮ್ಮನೆ ನೊರೆಯಬೇಕು, ಹೊಗೆಯಾಡಬಾರದು. ಬೆಣ್ಣೆಯನ್ನು ಹಂಚಿಗೆ ಹಾಕುವುದಕ್ಕಿಂತ ಬ್ರೆಡ್ಡಿನ ಹೊರಮೈಗೆ ಸವರಿದರೆ ಬಣ್ಣ ಸಮನಾಗಿ ಬರುತ್ತದೆ. ಮೇಲೊಂದು ತಾಟು ಮುಚ್ಚಿದರೆ ಒಳಗಿನ ಹಬೆಗೆ ಚೀಸು ಕರಗುತ್ತದೆ. ನಾನು ನೀರು ತುಂಬಿದ ಹಿತ್ತಾಳೆ ತಂಬಿಗೆಯನ್ನು ತಾಟಿನ ಮೇಲೆ ಭಾರ ಇಟ್ಟೆ. ಸ್ಯಾಂಡ್‌ವಿಚ್ ಒತ್ತುವ ಯಂತ್ರ ಬೇಕೇ ಬೇಕು ಎನ್ನುತ್ತಿದ್ದ ಮಗಳು ತಂಬಿಗೆಯ ಫೋಟೋ ತೆಗೆದುಕೊಂಡಳು. ಚೀಸನ್ನು ಹೋಳು ಮಾಡುವುದಕ್ಕಿಂತ ತುರಿದು ಹಾಕುವುದು ಮೇಲು, ಬೇಗ ಕರಗಿ ಹಣ್ಣನ್ನೂ ಹಿಡಿದುಕೊಳ್ಳುತ್ತದೆ.

ಎರಡನೇ ಪ್ರಯೋಗಕ್ಕೆ ನಾನು ಜಿಪುಣತನ ಮಾಡಿದೆ. ಅಂಗಡಿಯ ಚೀಸಿನ ಬೆಲೆ ನೋಡಿ, ಮನೆಯಲ್ಲೇ ಹಾಲಿಗೆ ನಿಂಬೆಹುಳಿ ಹಿಂಡಿ ಒಡೆಸಿ ಪನೀರು ಮಾಡಿದೆ. ಅದು ಹಂಚಿನ ಮೇಲೆ ಬಿಸಿಯಾಯಿತೇ ಹೊರತು ಕರಗಲೇ ಇಲ್ಲ. ಕುದಿವ ಹಾಲಿಗೆ ಹುಳಿ ಹಾಕಿ ಒಡೆಸಿದ ಗಿಣ್ಣಿನ ಗುಣವೇ ಹಾಗೆ, ಬೆಂದರೂ ತನ್ನ ಆಕಾರ ಬಿಡುವುದಿಲ್ಲ. ರೆನೆಟ್ ಎಂಬ ಕಿಣ್ವದಿಂದ ಹೆಪ್ಪುಗಟ್ಟಿಸಿ ಹದವಾಗಿ ಹುಳಿಸಿದ ಚೀಸು ಬಿಸಿಗೆ ಕರಗುತ್ತದೆ. ಆದರೆ ಹೆಚ್ಚು ಕಾಯಿಸಿದರೆ ಎಣ್ಣೆ ಬೇರೆ, ಗಸಿ ಬೇರೆಯಾಗುತ್ತದೆ. ಇದನ್ನು ತಡೆಯಲು ಸ್ವಿಟ್ಜರ್ಲೆಂಡಿನ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ 1911ರಲ್ಲಿ ಚೀಸಿಗೆ ಸಿಟ್ರೇಟ್ ಉಪ್ಪು ಸೇರಿಸಿ ಕರಗಿಸುವುದನ್ನು ಕಂಡುಹಿಡಿದರು. ನಮ್ಮ ಅಂಗಡಿಗಳಲ್ಲಿ ಚೌಕದ ತುಂಡಾಗಿ ಸಿಗುವ ಸಂಸ್ಕರಿಸಿದ ಚೀಸು ಅದರ ಸಂತಾನ. 1916ರಲ್ಲಿ ಅಮೆರಿಕದ ಜೇಮ್ಸ್ ಕ್ರಾಫ್ಟ್ ತನ್ನದೇ ವಿಧಾನಕ್ಕೆ ಪೇಟೆಂಟ್ ಪಡೆದ, ಮೊದಲ ಮಹಾಯುದ್ಧದ ಸೈನಿಕರಿಗೆ ಅದು ಡಬ್ಬಿಗಳಲ್ಲಿ ಹೋಯಿತು. 1930ರ ದಶಕದಲ್ಲಿ ಅಮೆರಿಕ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದಾಗ ಬ್ರೆಡ್ಡಿನ ಮೇಲೆ ಈ ಅಗ್ಗದ ಚೀಸು ಕರಗಿಸಿ ತಿಂದು ಬಡವರು ದಿನ ದೂಡಿದರು. ಗೂರ್ಮೆ ಅನ್ನುವ ಕಿರೀಟ ಆಮೇಲೆ ಬಂದದ್ದು. ಇದನ್ನು ಕೇಳಿ ಮಗಳ ಮುಖ ಸ್ವಲ್ಪ ಸಣ್ಣದಾಯಿತು.

ಚೀಸು ನೋಡಿ ಅಮ್ಮಿ ಕೇಳಿದ ಮೊದಲ ಪ್ರಶ್ನೆ, ‘ಇದು ಹಲಾಲಾ?’ ಪೆದ್ದು ಪ್ರಶ್ನೆಯಲ್ಲ ಅದು. ರೆನೆಟ್ಟನ್ನು ಹಿಂದೆಲ್ಲ ಕರುವಿನ ಜಠರದಿಂದ ತೆಗೆಯುತ್ತಿದ್ದರು, ಹೊರದೇಶಗಳಲ್ಲಿ ಈಗಲೂ ತೆಗೆಯುತ್ತಾರೆ. ನಾನು ಪಾಕೀಟಿನ ಮೇಲಿನ ಹಸಿರು ಚುಕ್ಕೆ ತೋರಿಸಿದೆ. ಸೂಕ್ಷ್ಮಜೀವಿಗಳಿಂದ ತೆಗೆದ ಕಿಣ್ವದ್ದಿದು, ಎದುರು ಮನೆಯ ಲಿಂಗಾಯತರೂ ತಿನ್ನಬಹುದು, ನಾವೂ ತಿನ್ನಬಹುದು ಅಂದೆ. ತಬೂಕ್‌ನಲ್ಲಿ ಪ್ರವಾದಿಯವರ (ಸ) ಮುಂದೆ ಗಿಣ್ಣು ತಂದಾಗ ಅವರು ಚೂರಿ ತರಿಸಿ, ಬಿಸ್ಮಿಲ್ಲಾ ಹೇಳಿ ಕತ್ತರಿಸಿದ ವಿಷಯ ಅಬೂದಾವೂದರ ಹದೀಸ್ ಸಂಗ್ರಹದಲ್ಲಿದೆ ಅಂತಲೂ ಹೇಳಿದೆ. ಅಮ್ಮಿ ಒಂದು ಚೂರು ಬಾಯಿಗೆ ಹಾಕಿಕೊಂಡಳು. ‘ಉಪ್ಪು ಹಾಕಿದ ಗಿಣ್ಣ ಆದಂಗ ಐತಿ’ ಅಂದಳು. ಎಮ್ಮೆ ಈದ ಹೊಸದರಲ್ಲಿ ಹಿಂಡಿದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸುವ ಗಿಣ್ಣ ನಮ್ಮ ಕಡೆ ಓಣಿಗೆಲ್ಲ ಹಂಚುವ ತಿನಿಸು. ನಿಘಂಟಿನವರು ಚೀಸಿಗೆ ಗಿಣ್ಣು ಅಂತ ಬರೆದದ್ದನ್ನು ಓದಿ ಹೈಸ್ಕೂಲಿನಲ್ಲಿ ನಾನು ನಕ್ಕಿದ್ದೆ. ಶಾಲೆಯ ಮೆಟ್ಟಿಲು ಹತ್ತದ ಅಮ್ಮಿಯ ನಾಲಗೆ ಅದನ್ನೇ ಹೇಳಿತು.

ಇನ್ನು ಹಣ್ಣು. ಕಿತ್ತೂರಿನಲ್ಲಿ ನಮ್ಮ ಮನೆಯವರ ಸ್ನೇಹಿತರೊಬ್ಬರ ಹೊಲದ ಬದುವಿನಲ್ಲಿ ನಾಲ್ಕು ಪೇರಲ ಗಿಡಗಳಿವೆ. ಅವರು ಅಮ್ಮಿಯನ್ನು ನೋಡಲು ಬಂದಾಗ ಒಂದು ಚೀಲ ಪೇರಲ ತಂದಿದ್ದರು. ನಮ್ಮ ಕಡೆ ಹೆಸರುವಾಸಿಯಾದದ್ದು ಧಾರವಾಡ ಹತ್ತಿರದ ನವಲೂರಿನ ಪೇರಲ. ಆದರೆ ಇವೂ ಕಡಿಮೆಯವಲ್ಲ. ಒಳಗೆ ಬಿಳಿ, ಮನೆಯೆಲ್ಲ ಘಮಘಮ. ಮಗಳ ಫೋನಿನಲ್ಲಿದ್ದ ಪಾಕಕ್ರಮದಲ್ಲಿ ಪೇರ್ ಹಣ್ಣು ಹಾಕಬೇಕೆಂದಿತ್ತು. ಬೈಲಹೊಂಗಲದ ಪೇಟೆಯಲ್ಲಿ ಆವತ್ತು ಪೇರ್ ಸಿಗಲಿಲ್ಲ. ‘ಪೇರಲ ಹಾಕು’ ಅಂದೆ. ‘ಪೇರ್ ಬೇರೆ, ಪೇರಲ ಬೇರೆ ಮಮ್ಮೀ’ ಅಂದಳು.

ಬೇರೆ ನಿಜ. ಆದರೆ ಎರಡು ಭಾಷೆಗಳಲ್ಲಿ ಕಲಿತವರಿಗೆ ಒಂದು ಲಾಭವಿದೆ, ಪದಗಳ ಚಿಲಕ ಕೆಲವೊಮ್ಮೆ ತಾನಾಗಿ ತೆರೆದುಕೊಳ್ಳುತ್ತದೆ. ಉರ್ದು ಶಾಲೆಯಲ್ಲಿ ಪೇರಲಕ್ಕೆ ನಾನು ಕಲಿತ ಪದ ಅಮ್ರೂದ್. ಅದು ಫಾರಸಿಯದು, ಫಾರಸಿಯಲ್ಲಿ ಅದರ ಅರ್ಥ ಪೇರ್ ಹಣ್ಣು. ಇತ್ತ ಮರಾಠಿಯ ಪೇರು, ನಮ್ಮ ಪೇರಲ ಬಂದದ್ದು ಪೋರ್ಚುಗೀಸರ ಪೇರಾದಿಂದ, ಅದೂ ಪೇರ್ ಹಣ್ಣೇ. ಅಮೆರಿಕ ಖಂಡದ ಈ ಹಣ್ಣು ಪೋರ್ಚುಗೀಸರ ಕಾಲದಲ್ಲಿ ನಮ್ಮ ನಾಡಿಗೆ ಬಂದಾಗ, ಅದಕ್ಕೆ ಹೆಸರಿಲ್ಲದೆ ಒಬ್ಬೊಬ್ಬರು ತಮಗೆ ಗೊತ್ತಿದ್ದ ಪೇರಿನ ಹೆಸರನ್ನೇ ಇಟ್ಟರು. ಗೋವಾದ ಕಡೆಯಿಂದ ಒಂದು ಹೆಸರು, ದಿಲ್ಲಿಯ ಕಡೆಯಿಂದ ಇನ್ನೊಂದು ಹೆಸರು ನಡೆದು ಬಂದು ನಮ್ಮ ಜಿಲ್ಲೆಯ ಒಂದೇ ಗಿಡದಲ್ಲಿ ಕೂತಿವೆ. ಪಾವಿನ ಕಥೆಯೂ ಅದೇ, ಪೋರ್ಚುಗೀಸರು ಬ್ರೆಡ್ಡಿಗೆ ಪಾಂವ್ ಅನ್ನುತ್ತಾರೆ. ಚೀಸಿನ ಜೊತೆ ಪೇರಲವೂ ಹೊಸತಲ್ಲ. ಬ್ರೆಜಿಲ್‌ನಲ್ಲಿ ಪೇರಲದ ಗಟ್ಟಿ ಹಲ್ವದ ಮೇಲೆ ಬಿಳಿ ಚೀಸಿನ ಹೋಳು ಇಟ್ಟು ತಿನ್ನುತ್ತಾರೆ, ಆ ಜೋಡಿಗೆ ರೋಮಿಯೋ-ಜೂಲಿಯೆಟ್ ಅಂತ ಹೆಸರು.

ಇಟಲಿಯಲ್ಲಿ ಒಂದು ಗಾದೆಯಿದೆ: ಪೇರ್ ಹಣ್ಣಿನ ಜೊತೆ ಚೀಸು ಎಷ್ಟು ರುಚಿ ಅನ್ನುವುದನ್ನು ರೈತನಿಗೆ ತಿಳಿಸಬೇಡ. ಮಾಸ್ಸಿಮೋ ಮೊಂತನಾರಿ ಎಂಬ ಇತಿಹಾಸಕಾರರು ಈ ಒಂದೇ ಗಾದೆ ಹಿಡಿದು ಪುಸ್ತಕವನ್ನೇ ಬರೆದಿದ್ದಾರೆ. ಹಾಲು ಕರೆಯುವವನು ಅವನು, ಗಿಡ ನೆಟ್ಟವನು ಅವನು. ರುಚಿ ಮಾತ್ರ ಅವನಿಗೆ ತಿಳಿಯಬಾರದು. ಪೇರಲದ ಚೀಲ ತಂದ ಕಿತ್ತೂರಿನ ಸ್ನೇಹಿತರಿಗೆ ಎರಡು ಎಮ್ಮೆಗಳೂ ಇವೆ. ಆವತ್ತು ಮಾಡಿದ ಮೊದಲ ಸ್ಯಾಂಡ್‌ವಿಚ್ಚನ್ನು ನಾನು ಅವರಿಗೇ ಕಟ್ಟಿ ಕಳಿಸಿದೆ. ‘ಭಾರಿ ಐತ್ರಿ ಅಕ್ಕಾರ, ಆದ್ರ ಹೊಟ್ಟಿ ತುಂಬಂಗಿಲ್ಲ’ ಅಂತ ಫೋನು ಬಂತು.

ಪೇರಲವನ್ನು ಹೇಗೆ ಹಾಕಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ, ಮಾಡಿ ನೋಡುವವರಿಗೆ ಬೇಕಾಗುತ್ತದೆ. ತೀರ ಮೆತ್ತಗಾದದ್ದು ಬೇಡ, ಕಾಯಿಯೂ ಬೇಡ. ನಡುವಿನ ಬೀಜವನ್ನು ಚಮಚೆಯಿಂದ ತೆಗೆದು, ಉಳಿದದ್ದನ್ನು ಹಾಳೆಯಂತೆ ತೆಳ್ಳಗೆ ಹೆಚ್ಚಿ, ಚಿಟಿಕೆ ಉಪ್ಪು ಹಚ್ಚಿ ಹತ್ತು ನಿಮಿಷ ಬಿಡಬೇಕು. ನೀರು ಬಿಡುತ್ತದೆ, ಅದನ್ನು ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು, ಇಲ್ಲದಿದ್ದರೆ ಬ್ರೆಡ್ಡು ಒದ್ದೆಯಾಗುತ್ತದೆ. ಬ್ರೆಡ್ಡಿನ ಒಳಮೈಗೆ ಮಗಳು ಜಾಮ್ ಸವರುವವಳಿದ್ದಳು, ನಾನು ತಡೆದು ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಖಾರ ಸವರಿದೆ. ಶಾಲೆಯ ಗೇಟಿನ ಮುಂದೆ ಪೇರಲ ಸೀಳಿ ಉಪ್ಪು ಖಾರ ತುಂಬಿ ಕೊಡುತ್ತಿದ್ದ ಅಜ್ಜಿಯೇ ನನ್ನ ಗುರು. ಮೇಲೆ ತುರಿದ ಚೀಸು, ಸ್ವಲ್ಪ ಕರಿಮೆಣಸು, ಇನ್ನೊಂದು ತುಂಡು ಬ್ರೆಡ್ಡು. ಒಂದೊಂದು ಮೈ ನಾಲ್ಕೈದು ನಿಮಿಷ. ಮೂರನೇ ದಿನ ಅದು ನಾವು ಅಂದುಕೊಂಡ ಹಾಗೆ ಬಂತು. ಬಂಗಾರದ ಬಣ್ಣ, ಕಚ್ಚಿದರೆ ಗರಿ, ಒಳಗೆ ಪೇರಲ ಬೆಂದು ಬೇರೆಯೇ ಒಂದು ಪರಿಮಳ.

ನಾನು ಕೈ ತೊಳೆಯಲು ಹೋದಾಗ ಮಗಳು ತಟ್ಟೆಯನ್ನು ಅಮ್ಮಿಯ ಮುಂದೆ ಒಯ್ದುಬಿಟ್ಟಿದ್ದಳು.

ನಾನು ಬರುವಷ್ಟರಲ್ಲಿ ಅಮ್ಮಿ ದಿಂಬಿಗೆ ಒರಗಿ ಕೂತು ತಟ್ಟೆಯನ್ನು ನೋಡುತ್ತಿದ್ದಳು. ಬೆರಳಿನಿಂದ ಅಂಚನ್ನು ಮುಟ್ಟಿದಳು. ‘ಇದು ಡಬಲ್ ರೋಟಿ ಅಲ್ಲೇನು?’ ಅಂದಳು. ಮಗಳು ಉಲ್ಲಾಸದಿಂದ, ‘ಹೌದು ನಾನಿ, ಆದ್ರ ನೋಡು ಎಷ್ಟು ಬೇರೆ ಆಗೇದ’ ಅಂದಳು. ಅಮ್ಮಿ ಸಿಟ್ಟಾಗಲಿಲ್ಲ. ತಟ್ಟೆಯನ್ನು ಮೆಲ್ಲಗೆ ಮಂಚದಂಚಿಗೆ ಸರಿಸಿ ಗೋಡೆ ಕಡೆ ತಿರುಗಿದಳು. ರಾತ್ರಿಯ ಗಂಜಿಯನ್ನೂ ಕುಡಿಯಲಿಲ್ಲ.

ಮಗಳು ಅಡುಗೆಮನೆಯಲ್ಲಿ ಅತ್ತಳು. ಆಗ ಅವಳಿಗೆ ಹನ್ನೊಂದು ಬ್ರೆಡ್ಡಿನ ಕಥೆ ಹೇಳಿದೆ. ಅವಳಿಗೆ ತನಗೊಬ್ಬ ಸಣ್ಣ ಮಾಮಾ ಇದ್ದ ಅನ್ನುವುದೇ ಗೊತ್ತಿರಲಿಲ್ಲ. ಕಥೆ ಬರೆಯುವವಳು ನಾನು, ಎಷ್ಟೋ ಜನರ ಮನೆಯ ಸಾವುಗಳನ್ನು ಬರೆದಿದ್ದೇನೆ. ಇದನ್ನು ಬರೆದಿರಲಿಲ್ಲ, ಹೆತ್ತ ಮಗಳಿಗೆ ಹೇಳಿಯೂ ಇರಲಿಲ್ಲ. ‘ಅವನ ಫೋಟೋ ಇದೆಯಾ?’ ಅಂತ ಕೇಳಿದಳು. ಇಲ್ಲ, ಆ ಕಾಲದಲ್ಲಿ ಐದು ವರ್ಷದ ಮಗುವಿನ ಫೋಟೋ ತೆಗೆಸುವ ಅನುಕೂಲ ನಮಗಿರಲಿಲ್ಲ.

ಎರಡು ದಿನ ಬಿಟ್ಟು ರಾಮದುರ್ಗದಿಂದ ಖಾಲಾ ಬಂದಳು, ಅಮ್ಮಿಯ ತಂಗಿ. ಅವಳ ಚೀಲದಲ್ಲಿ ಬ್ರೆಡ್ಡು ಇರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ ಇಪ್ಪತ್ತು ಜೋಳದ ರೊಟ್ಟಿ, ಅಗಸಿ ಹಿಂಡಿ, ಶೇಂಗಾ ಹಿಂಡಿ ಇದ್ದವು. ‘ಅಕ್ಕಗ ಬ್ರೆಡ್ ತರಾಕ ನನಗೇನು ಹುಚ್ಚ?’ ಅಂದಳು. ಖಾಲಾಳದ್ದು ಬೇರೆಯೇ ಕಥೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗದ ಹೊಳೆದಂಡೆಯ ಅವಳ ಮನೆಯೊಳಗೆ ಎದೆಮಟ್ಟ ನೀರು ಬಂದಿತ್ತು. ಶಾಲೆಯೊಂದರ ಕೋಣೆಯಲ್ಲಿ ಎಲ್ಲ ಜಾತಿಯವರ ಜೊತೆ ಆರು ದಿನ ಇದ್ದಳು. ಮೊದಲ ದಿನ ಎಲ್ಲಿಂದಲೋ ಹುಡುಗರು ತಂದು ಕೊಟ್ಟದ್ದು ಬ್ರೆಡ್ಡು ಮತ್ತು ಬಾಳೆಹಣ್ಣು. ‘ಅಕ್ಕನ ನೆನಪಾತು, ಕೈ ಹಿಂದ ತಗೊಂಡೆ. ಆದ್ರ ಬಾಜೂಕ ಒಂದು ಹುಡುಗಿ ಕೂತಿತ್ತು, ನಾ ತಿನ್ನೂ ಮಟ ತಾನೂ ತಿನ್ನಂಗಿಲ್ಲ ಅಂತ. ತಿಂದೆ. ಭಾಳ ರುಚಿ ಹತ್ತಿತು ನೋಡು, ಅದಕ್ಕ ಇನ್ನಷ್ಟು ಅಳು ಬಂತು.’ ಇದನ್ನು ಅವಳು ಅಮ್ಮಿಗೆ ಐದು ವರ್ಷ ಹೇಳಿರಲಿಲ್ಲ. ಆವತ್ತು ಮಂಚದ ಮೇಲೆ ಕೂತು, ಅಮ್ಮಿಯ ಕಾಲೊತ್ತುತ್ತ ಹೇಳಿದಳು. ಅಮ್ಮಿ ಗೋಡೆ ಕಡೆಯಿಂದ ತಿರುಗಿದಳು. ತಂಗಿಯ ಮುಖವನ್ನು ಬಹಳ ಹೊತ್ತು ನೋಡಿ, ‘ತಿಂದಿ ಛಲೋ ಮಾಡಿದಿ’ ಅಂದಳು. ಅಷ್ಟೇ.

ಉಪಾಯ ಹೊಳೆದದ್ದು ಮಗಳಿಗೆ. ಖಾಲಾ ತಂದ ರೊಟ್ಟಿಗಳಲ್ಲಿ ಮೆತ್ತಗಿನ ಒಂದನ್ನು ಆರಿಸಿ, ನೀರು ಚಿಮುಕಿಸಿ, ಹಂಚಿನ ಮೇಲೆ ಬಿಸಿ ಮಾಡಿದಳು. ಅರ್ಧ ಭಾಗಕ್ಕೆ ಕೆಂಪು ಖಾರ, ಪೇರಲದ ಹಾಳೆ, ತುರಿದ ಚೀಸು ಹರಡಿ ಇನ್ನರ್ಧ ಮಡಚಿದಳು. ಜೋಳದ ರೊಟ್ಟಿಗೆ ಗೋಧಿಯ ಜಿಗುಟು ಇಲ್ಲ, ಮಡಚಿದಲ್ಲಿ ಸೀಳುತ್ತದೆ. ಸೀಳಿದ ಕಡೆಯಿಂದ ಚೀಸು ಹಂಚಿನ ಮೇಲೆ ಹರಿದು, ಅಂಚಿಗೆ ಗರಿಗರಿ ಜಾಲರಿ ಕಟ್ಟಿತು. ಅದು ಕೆಟ್ಟಿತು ಅಂದುಕೊಂಡಳು ಮಗಳು. ನಾನು ಆ ಜಾಲರಿಯನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಇಡೀ ತಿನಿಸಿನಲ್ಲಿ ಅದೇ ಅತ್ಯಂತ ರುಚಿಯ ಭಾಗ.

ತಟ್ಟೆಯನ್ನು ಈ ಸಲ ನಾನೇ ಒಯ್ದ��. ಅಮ್ಮಿ ರೊಟ್ಟಿಯನ್ನು ತಿರುಗಿಸಿ ನೋಡಿದಳು, ಮೂಸಿದಳು. ‘ಜಾಮ್ ಹಾಕಿ?’ ಅಂದಳು. ಪೇರಲಕ್ಕೆ ಅವಳು ಅನ್ನುವುದು ಜಾಮ್. ಬಿಸ್ಮಿಲ್ಲಾ ಅಂದು ಒಂದು ತುದಿ ಮುರಿದಳು. ಅವಳಿಗೆ ಉಳಿದಿರುವುದು ಆರೇಳು ಹಲ್ಲು. ಹಸಿ ಪೇರಲ ಕಡಿಯಲಾಗದೆ ಬಿಟ್ಟು ವರ್ಷಗಳಾಗಿದ್ದವು. ಹಂಚಿನ ಬಿಸಿಗೆ ಅದು ಮೆತ್ತಗಾಗಿತ್ತು. ನಾವು ಮೂವರು ಹೆಂಗಸರು ಉಸಿರು ಬಿಗಿಹಿಡಿದು ಅವಳ ದವಡೆಯನ್ನೇ ನೋಡುತ್ತ ನಿಂತಿದ್ದೆವು. ‘ಏನ ನೋಡ್ತೀರಿ, ನಾ ಏನು ನಾಟಕದಾಕಿನ?’ ಅಂತ ಬೈದಳು. ಅರ್ಧ ರೊಟ್ಟಿ ಮುಗಿಯಿತು.

ಈ ಮಾತಿಗೆ ಈಗ ತಿಂಗಳುಗಳಾದವು. ಅಮ್ಮಿ ವಾಕರ್ ಹಿಡಿದು ಬಚ್ಚಲಿನವರೆಗೆ ತಾನೇ ನಡೆಯುತ್ತಾಳೆ. ಅದಕ್ಕೆ ಚೀಸು ಕಾರಣವೋ, ತಂಗಿ ಬಂದು ಕಾಲೊತ್ತಿದ್ದು ಕಾರಣವೋ, ಡಾಕ್ಟರನ್ನು ಕೇಳಿದರೆ ಮಾತ್ರೆಯ ಹೆಸರು ಹೇಳಿಯಾರು. ಬ್ರೆಡ್ಡನ್ನು ಅವಳು ಇವತ್ತಿಗೂ ಮುಟ್ಟಿಲ್ಲ, ಮುಟ್ಟಿಸುವ ಹಟವನ್ನು ನಾನೂ ಬಿಟ್ಟಿದ್ದೇನೆ. ಆದರೆ ಬಾಗಿಲಲ್ಲಿ ಯಾರಾದರೂ ಬ್ರೆಡ್ಡು ತಂದರೆ ಈಗ ಅಡಗಿಸುವುದಿಲ್ಲ. ಅಮ್ಮಿಯೇ ಒಳಗಿಂದ, ‘ಹುಡುಗಿ ಬಂದಾಗ ಆಗತೈತಿ, ಫ್ರಿಜ್ಜಿನಾಗ ಇಡು’ ಅನ್ನುತ್ತಾಳೆ.

ಆವತ್ತು ಅರ್ಧ ರೊಟ್ಟಿ ಮುಗಿಸಿದ ಮೇಲೆ ಅವಳು ಬೆರಳು ಚೀಪಿಕೊಂಡು, ಖಾಲಿ ತಟ್ಟೆಯನ್ನು ಮಗಳ ಕಡೆ ಚಾಚಿದ್ದಳು. ‘ಖಾರ ಕಡಿಮಿ ಆಗೇದ’ ಅಂದಳು. ಎರಡನೆಯದಕ್ಕೆ ಮಗಳು ಖಾರವನ್ನು ಧಾರಾಳವಾಗಿಯೇ ಸವರಿದಳು.